ಬಮಾಕೋದ ಭಾವಚಿತ್ರಗಳು

ಇಂದಿನ ಮಾಲಿ ದೇಶವು ಫ್ರೆಂಚರ ಅಧೀನದಲ್ಲಿದ್ದಾಗ, 1948ರಲ್ಲಿ, ಬಡಗಿ ಕಸುಬನ್ನು ಕಲಿತಿದ್ದ ಸೇಯ್ದೂ ಕೇಯ್ತಾ ಎಂಬಾತನು ಬಮಾಕೋ ನಗರದಲ್ಲಿ ಛಾಯಾಚಿತ್ರದ ಸ್ಟುಡಿಯೋ ತೆರೆದನು. ಗಿರಾಕಿಗಳ ಉಪಯೋಗಕ್ಕೆಂದೇ ಅಲ್ಲಿ ಐರೋಪ್ಯ ಸೂಟು, ಕೈಗಡಿಯಾರ, ಫೌಂಟನ್ ಪೆನ್ನು, ರೇಡಿಯೋಗಳಿದ್ದವು. (ರೇಡಿಯೋ ಹಾಡುತ್ತಿತ್ತೇ ಎಂಬುದು ಚಿತ್ರಕ್ಕೆ ಬೇಕಿಲ್ಲ.) ಜೇಬಿಗೆ ಪೆನ್ನು ಸಿಕ್ಕಿಸಿಕೊಂಡವನು ಗುಮಾಸ್ತನೇ ಆಗಿರಬೇಕೆಂದಿಲ್ಲ, ಗುಮಾಸ್ತನಾಗಬಯಸಿದವನೂ ಆಗಿರಬಹುದು. ಇದನ್ನು ಬರಿಯ ಸೋಗೆಂದು ತಳ್ಳಿಹಾಕುವುದು ಅವಸರದ ಮಾತು. ಸರಕಾರದ ಗುರುತಿನ ಚೀಟಿಗೆ ಮನುಷ್ಯನ ಮುಖವೊಂದೇ ಸಾಕು. ಇಲ್ಲಿಯಾದರೋ ಅವನು ತನ್ನ ಉದ್ಯೋಗವನ್ನೂ ಅಂತಸ್ತನ್ನೂ ತಾನೇ ಆರಿಸಿಕೊಂಡು ನಿಂತಿದ್ದಾನೆ. ಆದುದರಿಂದ ಇವು ಅನ್ಯನ ಕೈಯಿಂದಾದ ಆತ್ಮಚಿತ್ರಗಳೆಂದರೆ ತಪ್ಪಾಗದು.

ಹಿನ್ನೆಲೆಗೆ ಮೊದಲು ತೂಗುಹಾಕಿದ್ದು ಅವನ ಸ್ವಂತ ಹಾಸಿಗೆಯ ಹೊದಿಕೆ. ಕೆಲವು ವರ್ಷಗಳಿಗೊಮ್ಮೆ ಆ ಬಟ್ಟೆ ಬದಲಾಗುತ್ತಿದ್ದುದರಿಂದ, ಅದರ ವಿನ್ಯಾಸವನ್ನು ಕಂಡೇ ಚಿತ್ರದ ಕಾಲವನ್ನು ಅವನು ಹೇಳಬಲ್ಲವನಾಗಿದ್ದನು.

1960ರಲ್ಲಿ ದೇಶವು ಸ್ವತಂತ್ರವಾಯಿತು. ಕೇಯ್ತಾ ಸರಕಾರದ ಛಾಯಾಗ್ರಾಹಕನಾದನು, ಸ್ಟುಡಿಯೋ ಮುಚ್ಚಿತು. ತನ್ನ ಪ್ರತಿಗಳಿಗೆ ಹೆಸರಿನ ಮೊಹರೊತ್ತುತ್ತಿದ್ದ ಈತನ ಚಿತ್ರಗಳನ್ನು 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ‘ಅಜ್ಞಾತ ಛಾಯಾಗ್ರಾಹಕ’ನವೆಂದು ತೂಗುಹಾಕಿದ್ದರು. ಅನಂತರ ಹುಡುಕಿದವರಿಗೆ ಆತನು ಬಮಾಕೋದಲ್ಲಿಯೇ ಸಿಕ್ಕಿದನು; 1994ರಲ್ಲಿ ಪ್ಯಾರಿಸ್ಸಿನ ಪ್ರದರ್ಶನವು ಅವನ ಹೆಸರಿನಿಂದಲೇ ನಡೆಯಿತು.