ಹೊಳೆಬಾಗಿಲಿನ ಉಕ್ಕಿನ ಲಾಂಚು

ಹೊನ್ನಾಳಿಯ ತುಂಗಭದ್ರೆಯ ದಡದವರಿಗೆ ನೀರಿನ ಮೇಲಣ ವಾಹನವೆಂದರೆ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ತೊಗಲು ಹೊದಿಸಿ, ಹುಟ್ಟು ಹಾಕಿ ನಡೆಸುವ ಆ ದುಂಡನೆಯ ದೋಣಿಯನ್ನು ಕುರಿತು, 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹದಿನೈದಿಪ್ಪತ್ತು ಜನರನ್ನೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಅದು ಸುತ್ತುತ್ತಲೇ ದಾಟಿಸುವುದೆಂದು ಬರೆದಿಟ್ಟಿದ್ದಾನೆ. 1868ರಲ್ಲಿ ಹರಿಹರದ ಸೇತುವೆ ಎದ್ದ ಮೇಲೆ ಬೆಂಗಳೂರು–ಧಾರವಾಡ ಮಾರ್ಗದ ಬಂಡಿಗಳು ಅಂಬಿಗನನ್ನು ಕೂಗಬೇಕಾದುದು ತಪ್ಪಿತು. ಆದರೆ ಉಕ್ಕಿನ ಸರಕುದೋಣಿಯನ್ನು ಕಾಣಬೇಕಾದರೆ ನಮ್ಮವರು ನ್ಯಾಮತಿಯನ್ನು ದಾಟಿ, ಮಲೆನಾಡನ್ನು ಹೊಕ್ಕು, ಸಾಗರ ಸೀಮೆಯ ಅಂಬಾರಗೋಡ್ಲಿಗೇ ಹೋಗಬೇಕಾಗಿತ್ತು. ಆಚೆ ದಡದ ಸಿಗಂದೂರಿನ ಚೌಡೇಶ್ವರಿಗೆ ಹರಕೆ ಹೊತ್ತ ಎಷ್ಟೋ ಮಂದಿ ಅದನ್ನು ಮೊದಲು ಕಂಡದ್ದು ಹೀಗೆಯೇ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು, ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲತೊಡಗಿದಾಗ, ಗದ್ದೆ, ತೋಟ, ದೇವಸ್ಥಾನ, ದಾರಿಗಳೆಲ್ಲ ಜಲಗರ್ಭವನ್ನು ಸೇರಿದುವು. ಅದಕ್ಕೆ ಅಲ್ಲಿನವರ ಬಾಯಲ್ಲಿ ಒಂದೇ ಮಾತು, ಮುಳುಗಡೆ. ಊರು ಬಿಟ್ಟವರದು ಒಂದು ಕಥೆಯಾದರೆ ಉಳಿದವರದು ಇನ್ನೊಂದು: ತುಮರಿಯೂ ಕರೂರು–ಬಾರಂಗಿ ಹೋಬಳಿಯ ಇತರ ಊರುಗಳೂ ತಮ್ಮ ತಾಲ್ಲೂಕು ಕೇಂದ್ರವಾದ ಸಾಗರದಿಂದ ಹಿನ್ನೀರಿನ ಆಚೆಗೆ ಬಿದ್ದುವು. ನಿಟ್ಟೂರು, ಹೊಸನಗರಗಳ ಕಡೆಯಿಂದ ಬಳಸಿ ಹೋಗುವ ದೀರ್ಘ ಮಾರ್ಗವನ್ನು ಬಿಟ್ಟರೆ, ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಣ ಲಾಂಚೇ ಅವರ ರಸ್ತೆಯಾಯಿತು. ಆ ದಾಟುವೆಡೆಗೆ ಜನ ಇಟ್ಟ ಹೆಸರು ಹೊಳೆಬಾಗಿಲು; ಅದಕ್ಕಿಂತ ಸಾರ್ಥಕವಾದ ಹೆಸರು ನನಗೆ ತೋರದು.

ಲಾಂಚೆಂದು ಕರೆದರೂ ಅದು ಪಡಿಯಚ್ಚು ಸರಕುದೋಣಿಯೇ: ಚಪ್ಪಟೆ ತಳದ, ಉಕ್ಕಿನ ತಗಡುಗಳನ್ನು ಬೆಸೆದು ಕಟ್ಟಿದ ಟೊಳ್ಳು ಪೆಟ್ಟಿಗೆ, ಮೇಲೆ ಬಯಲಾದ ಅಟ್ಟ, ದಡಕ್ಕೆ ತಗುಲಿದಾಗ ಇಳಿಬಿಡುವ ಉಕ್ಕಿನ ಹಲಗೆ, ನೂಕುವುದಕ್ಕೆ ಡೀಸೆಲ್ ಯಂತ್ರ. ತಳ 15 ಮೀಟರು ಉದ್ದ, 6 ಮೀಟರು ಅಗಲವೆಂದು ಇಟ್ಟುಕೊಳ್ಳಿ. 9 ಟನ್ನಿನ ಲಾರಿಯೊಂದು ಹತ್ತಿದರೆ ದೋಣಿ ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬೇಕಾಗುವುದರಿಂದ 10 ಸೆಂಟಿಮೀಟರು, ಎಂದರೆ ಅರ್ಧ ಗೇಣಿನಷ್ಟು ಕೆಳಗಿಳಿಯುತ್ತದೆ. ಆದರೆ ಆ ಲಾರಿ ನಡುವೆ ನಿಲ್ಲದೆ ಒಂದು ಮಗ್ಗುಲಿಗೆ ಸರಿದರೆ ಲೆಕ್ಕವೇ ತಲೆಕೆಳಗು. ಆದುದರಿಂದ ಬಸ್ಸು ಮೊದಲೋ ಲಾರಿ ಮೊದಲೋ, ಕಾರು ಯಾವ ಮಗ್ಗುಲಿಗೆ, ಬೈಕುಗಳನ್ನು ಯಾವ ಸಂದಿಗೆ ಎಂಬುದನ್ನು ಸಿಬ್ಬಂದಿ ಕೈಸನ್ನೆಯಲ್ಲೇ ನಿರ್ಣಯಿಸುತ್ತಿದ್ದ ವಿವೇಕವನ್ನು ನಾನು ಶ್ರೇಷ್ಠ ವಿದ್ಯೆಯೆಂದೇ ಎಣಿಸುತ್ತೇನೆ. ಚಕ್ರಕ್ಕೆ ಅಡ್ಡ ಕೊಟ್ಟಾದ ಮೇಲೆ ಹಲಗೆ ಮೇಲೆದ್ದು, ಯಂತ್ರ ಗುಡುಗಿ, ಅಡಕೆ ಮೂಟೆಯವರೂ ಶಾಲೆಯ ಮಕ್ಕಳೂ ಹರಕೆಯ ಯಾತ್ರಿಕರೂ ಒಂದೇ ಅಟ್ಟದ ಮೇಲೆ ಕೂಡಿ ಆಚೆ ದಡವನ್ನು ನೋಡುತ್ತ ನಿಲ್ಲುತ್ತಿದ್ದರು.

ಬೇಸಗೆ ಬಂದಿತೆಂದರೆ ಹಿನ್ನೀರು ತಗ್ಗಿ, ದಡ ದಿನದಿನಕ್ಕೂ ಹಿಂದೆ ಸರಿದು, ಕೆಲವು ವರ್ಷ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಗುತ್ತಿತ್ತು. ಕತ್ತಲಾದ ಮೇಲಂತೂ ಲಾಂಚು ಇರುತ್ತಿರಲಿಲ್ಲ. ಇರುಳಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಮನೆಯವರಿಗೆ ಆ ನಿಶ್ಚಲ ಜಲರಾಶಿ ಹೇಗೆ ತೋರುತ್ತಿದ್ದಿತೋ ಊಹಿಸಿದರೂ ಎದೆ ಭಾರವಾಗುತ್ತದೆ.

ಈ ವೃತ್ತಾಂತ ದೂರದ ಸೀಮೆಯದೆಂದು ನಾವು ಸುಮ್ಮನಿರಲಾಗದು. ಚನ್ನಗಿರಿಯ ಅಡಕೆ ತೋಟಕ್ಕೆ ನೀರೆತ್ತುವ, ಮಳೆ ಕಾಣದ ಜಗಳೂರಿನಲ್ಲಿ ಕೊಳವೆಬಾವಿಯಿಂದ ನೀರು ತೆಗೆಯುವ ಪಂಪ್‌ಸೆಟ್ಟುಗಳಿಗೆ ಹರಿದ ನಾಡಿನ ವಿದ್ಯುತ್ತಿನಲ್ಲಿ ಶರಾವತಿಯ ಪಾಲು ಬಹು ದೊಡ್ಡದು. ಇಲ್ಲಿ ಗುಂಡಿ ಒತ್ತಿದೊಡನೆ ನೀರು ಚಿಮ್ಮುತ್ತಿದ್ದಾಗ, ಅಲ್ಲಿ ಅದೇ ಅಡಕೆಯನ್ನು ಬೆಳೆದವನು ತನ್ನ ಮೂಟೆಯೊಡನೆ ದಡದಲ್ಲಿ ಸರದಿಗಾಗಿ ಕಾದಿದ್ದನು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರು ಉದ್ದದ ತೂಗುಗಂಬಿಗಳ ಸೇತುವೆ ಉದ್ಘಾಟನೆಗೊಂಡಿತು. ಅದರ ಮೇಲೆ ಬಸ್ಸು ಕೆಲವೇ ನಿಮಿಷಗಳಲ್ಲಿ ಆಚೆ ದಡವನ್ನು ಸೇರುತ್ತದೆ, ರಾತ್ರಿಯೂ ಸಹ. ಕೆಳಗೆ, ಲಾಂಚು ಹಲಗೆ ಇಳಿಸುತ್ತಿದ್ದ ಎಡೆಯಲ್ಲಿ, ಹಳೆಯ ದಾರಿ ನೀರಿಗೆ ಇಳಿದುಹೋಗಿದೆ.