ಅಂಗಳದ ಕಣಗಿಲೆ

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದ ದಿನಗಳಲ್ಲಿ, ಕರವೀರಕ್ಕೆ ‘ಹಯಮಾರಕ’ ಎಂಬ ಹೆಸರೂ ಉಂಟೆಂದು ನಾವು ಕಲಿತೆವು. ಕುದುರೆಯನ್ನು ಕೊಲ್ಲುವಂಥದು ಎಂದು ಅದರ ಅರ್ಥ. ಆ ಕರವೀರವೇ ಮಠದ ಅಂಗಳದಲ್ಲಿ ಕಣಗಿಲೆಯಾಗಿ ಅರಳಿ ನಿಂತಿತ್ತು. ಬೆಳಗಿನ ಪೂಜೆಗೆ ಅದರ ಹೂವನ್ನೇ ಕೊಯ್ದು ತರುತ್ತಿದ್ದೆವು. ಹೆಸರಿನಲ್ಲಿದ್ದ ಎಚ್ಚರಿಕೆಯನ್ನು ಮಾತ್ರ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಬಹು ವರ್ಷಗಳ ತರುವಾಯ, ನಾವೇ ಸವರಿ ಬೇಲಿಯಾಚೆ ಎಸೆದ ಕಣಗಿಲೆಯ ಕೊಂಬೆಗಳನ್ನು ನೆರೆಮನೆಯ ಆಡೊಂದು ಮೇಯ್ದು ಅಸುನೀಗಿತು. ಆಡಿನ ಬೆಲೆಯನ್ನು ತೆತ್ತೆವು. ಜೀವಕ್ಕೆ ಬೆಲೆ ಕಟ್ಟಲಾದೀತೆ?

ಹಾಗೆಂದು ಗಿಡವನ್ನು ಕಿತ್ತೊಗೆಯಬೇಕೆಂದು ನಾವು ಹೇಳುವುದಿಲ್ಲ. ವರ್ಷವಿಡೀ ಹಸಿರಾಗಿದ್ದು ಬಿಳಿ, ನಸುಗೆಂಪು, ಕೆಂಪು ಹೂಗಳನ್ನು ಕೊಡುವ ಕಣಗಿಲೆ ನೀರಿನ ಅಭಾವವನ್ನು ಸಹಿಸಬಲ್ಲುದು. ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ ಅದನ್ನು ಸಾಲಾಗಿ ಬೆಳೆಸುವುದು ಇದೇ ಕಾರಣಕ್ಕೆ. ಅರೆಬಲಿತ ಕೊಂಬೆಯ ಗೇಣುದ್ದದ ತುಂಡನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಬೇರೂರುತ್ತದೆ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಸ್ಥಳ ಬೇಕು. ಬೇರು ಹಿಡಿಯುವವರೆಗೆ ತೇವ ಆರಬಾರದು. ಅನಂತರ ಮಣ್ಣು ಒಣಗಿದಾಗ ನೀರೆರೆದರೆ ಸಾಕು. ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವುದರಿಂದ, ಹೂವಿನ ಭರಾಟೆ ಇಳಿದೊಡನೆ ಸವರಬೇಕು. ಚಿಗುರಿಗೆ ಹಳದಿ ಹೇನು ಮುತ್ತಿದರೆ ನೀರನ್ನು ರಭಸವಾಗಿ ಎರಚಿ ತೊಳೆಯಬೇಕು.

ಆದರೆ ಎಲೆ, ಹೂ, ತೊಗಟೆ, ಬೇರು, ಬೀಜ ಇವುಗಳಲ್ಲಿ ಯಾವುದೂ ನಿರ್ವಿಷವಲ್ಲ. ಓಲಿಯಾಂಡ್ರಿನ್ ಮೊದಲಾದ ಅದರ ವಿಷಗಳು ಹೃದಯದ ಬಡಿತವನ್ನೇ ಕೆಡಿಸುತ್ತವೆ. ಎಲೆ ಒಣಗಿದರೂ ವಿಷ ಉಳಿಯುತ್ತದೆ. ಆದುದರಿಂದ ಸವರುವಾಗ ಕೈಗವಸು ತೊಡಬೇಕು. ಕೊಂಬೆಗಳನ್ನು ದನಕರುಗಳಿಗೆ ಎಟುಕದಂತೆ ಆಳವಾಗಿ ಹೂಳಬೇಕು. ಒಲೆಗೆ ಹಾಕಲೇಬಾರದು, ಹೊಗೆಯೂ ಕೇಡು.

ಶರಣ ಬಂಧುಗಳು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಲಿಂಗಕ್ಕೆರೆದ ಜಲವನ್ನು ಪಾದೋದಕವೆಂದು ಸ್ವೀಕರಿಸುವವರು ನಾವು. ಮನೆಯ ಮಕ್ಕಳಿಗೂ ಕೊಡುವವರು. ಕಣಗಿಲೆ ಬಿದ್ದ ನೀರು ಆ ಬಟ್ಟಲನ್ನು ಸೇರಕೂಡದು. ಈ ಹೂವನ್ನು ಬಾಗಿಲ ಮಾಲೆಗೆ, ಭಾವಚಿತ್ರದ ಅಲಂಕಾರಕ್ಕೆ ಮೀಸಲಿಟ್ಟು, ಇಷ್ಟಲಿಂಗ ಪೂಜೆಗೆ ಮಲ್ಲಿಗೆಯನ್ನೋ ದಾಸವಾಳವನ್ನೋ ಬಳಸುವುದು ಲೇಸು. ಹೂ ಕೊಯ್ದ ಕೈಯನ್ನು ತೊಳೆದೇ ಮುಂದಿನ ಕೆಲಸ.

ಮಗುವೊಂದು ಅಕಸ್ಮಾತ್ತಾಗಿ ಇದನ್ನು ತಿಂದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ವೈದ್ಯರಿಗೆ ತೋರಿಸಲು ಗಿಡದ ಎಲೆಯೊಂದನ್ನು ಕೊಂಡು, ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಮೂಕಪ್ರಾಣಿಗೂ ಎಳೆಯ ಕೂಸಿಗೂ ಹಯಮಾರಕದ ಅರ್ಥ ತಿಳಿಯದು. ತಿಳಿದವರೇ ಅವರನ್ನು ಕಾಯಬೇಕು.