ಹಿತ್ತಿಲ ಹಾಗಲ: ಬೆಳೆಯುವ, ಕೀಳುವ, ತಿನ್ನುವ ಕ್ರಮ

ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಹಾಗಲಕಾಯಿಗೆ, ಅಂದರೆ ನಮ್ಮ ಕರೇಲಾಕ್ಕೆ, ವಿಶೇಷ ಮರ್ಯಾದೆ. ಮಾಲೇಕಲ್ಲು, ಅರಸೀಕೆರೆ ಸುತ್ತಮುತ್ತಲಿನ ಕುಟುಂಬಗಳು ಇದನ್ನು ಹಿತ್ತಿಲಲ್ಲೇ ಬೆಳೆದುಕೊಳ್ಳಬಹುದು. ಒಂದು ಮನೆಗೆ ಮೂರು ನಾಲ್ಕು ಬಳ್ಳಿ ಸಾಕು. ಆದರೆ ಬೆಳೆಯುವುದರಷ್ಟೇ ಮುಖ್ಯ, ಸಮಯಕ್ಕೆ ಸರಿಯಾಗಿ ಕೀಳುವುದು ಮತ್ತು ಮಿತಿಯಲ್ಲಿ ತಿನ್ನುವುದು.

ಬಿತ್ತನೆ

ಹಾಗಲ ಚಳಿಗೆ ಹೆದರುವ ಬಳ್ಳಿ. ಚಳಿ ಕಳೆದ ಫೆಬ್ರವರಿ ಕೊನೆ ಇಲ್ಲವೇ ಮಳೆ ಹಿಡಿಯುವ ಜೂನ್-ಜುಲೈ ಬಿತ್ತನೆಗೆ ಒಳ್ಳೆಯ ಕಾಲ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಹರಿತ್’ ಮನೆಗೆ ಒಪ್ಪುವ ತಳಿ. ಇದು ಹೈಬ್ರಿಡ್ ಅಲ್ಲದ್ದರಿಂದ ಬೀಜ ಉಳಿಸಿಕೊಳ್ಳಬಹುದು.

ಬೀಜದ ಸಿಪ್ಪೆ ಗಟ್ಟಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ದಿನವಿಡೀ ಬಿಸಿಲು ಬೀಳುವ ಕಡೆ ಒಂದು ಅಡಿ ಆಳದ ಗುಂಡಿ ತೆಗೆದು, ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದಂಗುಲ ಆಳಕ್ಕೆ ಎರಡು ಬೀಜ ಊರಿ. ಗುಂಡಿಯಿಂದ ಗುಂಡಿಗೆ ಮೂರು ಅಡಿ ಅಂತರವಿರಲಿ. ಬಳ್ಳಿ ಹಬ್ಬಲು ತೆಂಗಿನ ಹಗ್ಗ ಬಿಗಿದ ಚಪ್ಪರ ಹಾಕಿ.

ನಮ್ಮದು ಮಳೆ ಕಡಿಮೆಯ ಸೀಮೆ. ಬುಡದ ಸುತ್ತ ತೆಂಗಿನ ನಾರು, ಸಿಪ್ಪೆ ಹರಡಿದರೆ ತೇವ ನಿಲ್ಲುತ್ತದೆ. ಸಾಬೂನು ಬೆರೆಯದ ವುಝೂ ನೀರನ್ನು ಬಳ್ಳಿಯ ಬುಡಕ್ಕೆ ಹರಿಯಬಿಡಿ. ನೀರು ನಿಂತು ಕೆಸರಾಗಬಾರದು.

ಹೂವು, ಕಾಯಿ, ನೊಣ

ಬಿತ್ತಿದ ಸುಮಾರು 40 ದಿನಕ್ಕೆ ಹೂ ಕಾಣುತ್ತದೆ. ಮೊದಲು ಬರುವ ಗಂಡು ಹೂಗಳು ಉದುರಿದರೆ ಗಾಬರಿ ಬೇಡ. ಹೂವಿನ ಕೆಳಗೆ ಪುಟ್ಟ ಹಾಗಲಕಾಯಿಯಂತಹ ಉಬ್ಬು ಇದ್ದರೆ ಅದು ಹೆಣ್ಣು. ಪರಾಗಸ್ಪರ್ಶ ಜೇನುನೊಣಗಳ ಕೆಲಸ. ಹೂ ಅರಳಿರುವ ಬೆಳಗಿನ ಹೊತ್ತಿನಲ್ಲಿ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಜೇನುನೊಣ ಬರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿ.

ಹಣ್ಣು ನೊಣ ದೊಡ್ಡ ಶತ್ರು. ಅದು ಎಳೆ ಕಾಯಿಯೊಳಗೆ ಮೊಟ್ಟೆಯಿಡುತ್ತದೆ, ಹುಳುವಾಗಿ ಕಾಯಿ ಕೊಳೆಯುತ್ತದೆ. ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ. ಕೊಳೆತು ಬಿದ್ದದ್ದನ್ನು ಅಲ್ಲೇ ಬಿಡದೆ ಆಳವಾಗಿ ಹೂತುಬಿಡಿ.

ಕೀಳುವ ಹೊತ್ತು

ಹೂ ಅರಳಿದ ಎರಡು ವಾರದ ಆಸುಪಾಸಿನಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. ಬಣ್ಣ ಹಸಿರಾಗಿ ಹೊಳೆಯುತ್ತಿರಬೇಕು, ಒಳಗಿನ ಬೀಜ ಎಳೆಯದಾಗಿ ಬೆಳ್ಳಗಿರಬೇಕು. ತುದಿ ಹಳದಿಯಾಗತೊಡಗಿದರೆ ತಡವಾಯಿತೆಂದೇ ಅರ್ಥ. ಎರಡು ಮೂರು ದಿನಕ್ಕೊಮ್ಮೆ ತೊಟ್ಟು ಸಮೇತ ಕತ್ತರಿಸಿ. ಹಣ್ಣಾಗಲು ಬಿಟ್ಟರೆ ಬಳ್ಳಿ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೀಜಕ್ಕೆಂದು ಒಂದೆರಡು ಕಾಯಿ ಉಳಿಸಿದರೆ ಸಾಕು. ಹಣ್ಣು ಒಡೆದಾಗ ಕಾಣುವ ಕೆಂಪು ಬೀಜಗಳನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅವು ಹೊಟ್ಟೆ ಕೆಡಿಸುತ್ತವೆ.

ತಿನ್ನುವ ಮಿತಿ

ಯುನಾನಿಯಲ್ಲಿ ಕರೇಲಾದ ಮಿಜಾಜ್ ಗರಂ-ಖುಷ್ಕ್, ಅಂದರೆ ಉಷ್ಣ ಮತ್ತು ಒಣ ಗುಣದ್ದು. ಪಲ್ಯವಾಗಿಯೋ, ಖೀಮಾ ತುಂಬಿಯೋ ವಾರಕ್ಕೆರಡು ಸಲ ತಿಂದರೆ ಒಳ್ಳೆಯ ಆಹಾರ. ಎಣ್ಣೆಯಲ್ಲಿ ಕರಿದರೆ ಆ ಲಾಭ ಉಳಿಯದು.

“ಡಾಕ್ಟರೇ, ದಿನಾ ಕರೇಲಾ ರಸ ಕುಡೀತೀನಿ, ಮಾತ್ರೆ ಬಿಡಬಹುದಾ?” ಎಂದು ಕೇಳುವವರು ಬಹಳ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಬಿಡಬಾರದು. ಕಾಕ್ರೇನ್ ಸಂಸ್ಥೆ 2012ರಲ್ಲಿ 479 ಜನರ ಮೇಲೆ ನಡೆದಿದ್ದ ನಾಲ್ಕು ಪ್ರಯೋಗಗಳನ್ನು ಪರಿಶೀಲಿಸಿ, ಹಾಗಲವನ್ನು ಸಕ್ಕರೆ ಕಾಯಿಲೆಯ ಚಿಕಿತ್ಸೆಯಾಗಿ ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿತು. ಮಾತ್ರೆ ನಿಲ್ಲಿಸಿದರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಹಾಳಾಗುತ್ತವೆ. ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಖಾಲಿ ಹೊಟ್ಟೆಯಲ್ಲಿ ರಸ ಕುಡಿದರೆ ಸಕ್ಕರೆ ಅತಿಯಾಗಿ ಇಳಿಯುವ ಅಪಾಯವೂ ಉಂಟು. ನಡುಕ, ಬೆವರು, ತಲೆಸುತ್ತು ಕಂಡರೆ ತಕ್ಷಣ ಸಕ್ಕರೆ ನೀರು ಕುಡಿದು ವೈದ್ಯರನ್ನು ಕಾಣಿ. ಗರ್ಭಿಣಿಯರಿಗೆ ಈ ರಸ ಬೇಡವೇ ಬೇಡ.

ಇನ್ನೊಂದು ಮಾತು. ಹಾಗಲ ಮತ್ತು ಸೋರೆಕಾಯಿ ರಸವನ್ನು ಬೆರೆಸಿ ಕುಡಿಯಬೇಡಿ. ಹಾಗಲದ ಕಹಿ ಸಹಜ, ಆದರೆ ಸೋರೆಕಾಯಿ ಕಹಿಯಾಗಿದ್ದರೆ ಅದು ವಿಷ. ಬೆರೆಸಿದಾಗ ಯಾವುದರ ಕಹಿ ಎಂದು ತಿಳಿಯುವುದಿಲ್ಲ.

ಬಳ್ಳಿಯ ಎಳೆ ಕಾಯಿ ಅಡುಗೆಗೆ ಬರಲಿ, ಮಾತ್ರೆ ತನ್ನ ಹೊತ್ತಿಗೆ ನಡೆಯಲಿ. ಎರಡೂ ಜೊತೆಯಲ್ಲಿರುವುದೇ ಆರೋಗ್ಯಕ್ಕೆ ಕ್ಷೇಮ.